ಪದ್ಮಿನಿಯ ಬ್ರೇಕು

ಕೂಡ್ಲಿಗಿ ತಾಲ್ಲೂಕಿನ ನಮ್ಮ ಹೊಸಹಳ್ಳಿಯಲ್ಲಿ, ನನ್ನ ಮನೆಯ ಹಿಂದಿನ ಹುಣಸೆಮರದ ಪಕ್ಕ ಒಂದು ತಗಡಿನ ಶೆಡ್ಡಿದೆ. ಅದರೊಳಗೆ ಕೆನೆಬಣ್ಣದ ಒಂದು ಪ್ರೀಮಿಯರ್ ಪದ್ಮಿನಿ ಕಾರು. ಓಣಿಯ ಮಕ್ಕಳು ಅದನ್ನು ‘ಬ್ಯಾಂಕ್ ತಾತನ ಕಾರು’ ಅನ್ನುತ್ತಾರೆ. ಗೇರು ಎಲ್ಲಿದೆ ಹೇಳಿ ನೋಡೋಣ ಎಂದು ಹೊಸ ಮಕ್ಕಳನ್ನು ಕೂರಿಸಿ ಕೇಳುವುದು ನನಗೊಂದು ಆಟ. ಎಲ್ಲರೂ ಸೀಟಿನ ನಡುವೆ ಹುಡುಕುತ್ತಾರೆ. ಅಲ್ಲಿ ಏನೂ ಇಲ್ಲ, ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕಿದೆ. ಗೇರಿನ ಕೋಲು ಸ್ಟೇರಿಂಗಿನ ಎಡಕ್ಕೆ, ಅದರ ಕಂಬಕ್ಕೇ ಅಂಟಿಕೊಂಡಿದೆ.

ಈ ಕಾರು 1985ರ ಜನವರಿಯಲ್ಲಿ ರಿಜಿಸ್ಟರ್ ಆದದ್ದು. ನಾನು ಕೊಂಡದ್ದು 1993ರಲ್ಲಿ, ಕೊಟ್ಟೂರಿನ ಒಬ್ಬ ಶೇಂಗಾ ವ್ಯಾಪಾರಿಯಿಂದ, 42,000 ರೂಪಾಯಿಗೆ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಅದು ಸಣ್ಣ ಮೊತ್ತವಲ್ಲ. ಮುಕ್ಕಾಲು ಪಾಲು ಸಾಲ. ಅಂದೇ ಒಂದು ಹಳೆಯ ಲೆಡ್ಜರಿನಲ್ಲಿ ಕಾರಿಗೊಂದು ಖಾತೆ ತೆರೆದೆ. ಪೆಟ್ರೋಲು, ಪಂಕ್ಚರು, ಒಂದು ರೂಪಾಯಿಯ ನಟ್ಟು, ಎಲ್ಲವೂ ಅದರಲ್ಲಿದೆ. ಖರ್ಚಿನ ಕಡೆ ತುಂಬಿ ತುಳುಕುತ್ತದೆ, ಜಮೆಯ ಕಡೆ ಖಾಲಿ. ನಮ್ಮ ಮನೆಯವಳು ಅದನ್ನು ತೋರಿಸಿ ನಗುತ್ತಿರುತ್ತಾಳೆ.

ಸಾಲ ಮಾಡಿ ಕಾರು ಕೊಂಡವರ ಮಾತು ಬಂದಾಗ ನನಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ನೆನಪಾಗುತ್ತದೆ. ಪ್ರಧಾನಿಯಾದ ಮೇಲೆ ಮನೆಯವರ ಒತ್ತಾಯಕ್ಕೆ ಅವರು ಒಂದು ಫಿಯೆಟ್ ಕಾರು ಕೊಂಡರು. ಬೆಲೆ 12,000 ರೂಪಾಯಿ. ಖಾತೆಯಲ್ಲಿದ್ದದ್ದು 7,000. ಉಳಿದ 5,000 ರೂಪಾಯಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಇನ್ನೂ ಇತ್ತು. ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಫಿಯೆಟ್ ಕಾರಿನ ವಂಶದ್ದೇ ನನ್ನ ಪದ್ಮಿನಿ. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಫಿಯೆಟ್ ಹೆಸರಿನಲ್ಲಿ ಮಾಡುತ್ತಿದ್ದ ಕಾರಿಗೇ ಮುಂದೆ ಚಿತ್ತೂರಿನ ರಾಣಿಯ ಹೆಸರಿಟ್ಟರು.

ಹಳೆಯ ಕಾರು ಇಟ್ಟುಕೊಂಡವನು ಅರ್ಧ ಮೇಸ್ತ್ರಿಯಾಗಲೇಬೇಕು. ಪಾಠ ಮಾತ್ರ ಪೆಟ್ಟು ತಿಂದೇ ಬಂತು. ಕೊಂಡ ಮೊದಲ ಬೇಸಿಗೆಯಲ್ಲಿ ಹೊಸಪೇಟೆ ರಸ್ತೆಯಲ್ಲಿ ಎಂಜಿನ್ ಕಾದು ಕುದಿಯಿತು. ನಾನು ಟವೆಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟೆ. ಕುದಿನೀರು ಚಿಮ್ಮಿತು. ಬಲಗೈಯ ಮೇಲೆ ಆ ಕಲೆ ಇವತ್ತಿಗೂ ಇದೆ. ಪಕ್ಕದಲ್ಲಿ ಹತ್ತು ವರ್ಷದ ನನ್ನ ಮಗ ನಿಂತಿದ್ದ. ಮುಚ್ಚಿದ ರೇಡಿಯೇಟರಿನೊಳಗೆ ಒತ್ತಡವಿರುವುದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ, ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಆವಿಯಾಗಿ ಹಾರುತ್ತದೆ ಎಂದು ಅವನು ಮುಂದೆ ಹೈಸ್ಕೂಲಿನಲ್ಲಿ ಓದಿ ಬಂದು ನನಗೆ ವಿವರಿಸಿದ. ನನಗೆ ಅದು ಮೊದಲೇ ಗೊತ್ತಾಗಿತ್ತು, ಬೇರೆ ರೀತಿಯಲ್ಲಿ.

ಆಮೇಲೆ ಒಂದೊಂದಾಗಿ ಕಲಿತೆ. ಪ್ಲಗ್ ಬಿಚ್ಚಿ ಕರಿ ಉಜ್ಜುವುದು, ಕಾರ್ಬುರೇಟರಿನ ಜೆಟ್ ಊದಿ ಸ್ವಚ್ಛ ಮಾಡುವುದು, ಪಾಯಿಂಟಿನ ಸಂದು ಸರಿಪಡಿಸುವುದು. ಬೇಸಿಗೆಯಲ್ಲಿ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಗಾಡಿ ನಿಂತರೆ, ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ ಹುಣಸೆಮರದ ನೆರಳಿನಲ್ಲಿ ಅರ್ಧ ಗಂಟೆ ಕೂರುವುದು. ಬದಲಾವಣೆಗಳನ್ನೂ ಮಾಡಿದ್ದೇನೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ ಮೇಲೆ, ಎಂಜಿನ್ ಮೆಲ್ಲಗೆ ತಿರುಗುವಾಗಲೂ ಬ್ಯಾಟರಿ ತುಂಬುತ್ತದೆ, ರಾತ್ರಿ ದೀಪ ಮಂಕಾಗುವುದಿಲ್ಲ. ಹೆಗಲ ಮೇಲಿಂದ ಬರುವ ಸೀಟ್ ಬೆಲ್ಟು ಕೂರಿಸಿದೆ. ಆದರೆ ಎಂಜಿನ್ ಬದಲಿಸಲು ಮಾತ್ರ ಒಪ್ಪಲಿಲ್ಲ. ‘ಸರ, ಡೀಸೆಲ್ ಎಂಜಿನ್ ಕೂರಿಸಿಬಿಡಾನ, ಖರ್ಚು ಅರ್ಧ ಆಕ್ಕತಿ’ ಎಂದು ನಮ್ಮ ಮೇಸ್ತ್ರಿ ಎಷ್ಟೋ ವರ್ಷ ಹೇಳಿದ. ಆ ಕಾಲಕ್ಕೆ ಬಹಳ ಜನ ಹಾಗೆ ಮಾಡಿಸಿದರು. 1089 ಸಿಸಿಯ ಆ ಪುಟ್ಟ ಎಂಜಿನ್ನಿನ ಸದ್ದು ನನ್ನ ಕಿವಿಗೆ ಒಗ್ಗಿಹೋಗಿತ್ತು. ಲೆಡ್ಜರಿನ ಲೆಕ್ಕ ನೋಡಿದರೆ ಮೇಸ್ತ್ರಿ ಹೇಳಿದ್ದೇ ಸರಿ.

ಬಿಡಿಭಾಗಗಳ ಚಿಂತೆ ಮೊದಲು ಇರಲಿಲ್ಲ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಲ್ಲ ಪದ್ಮಿನಿಗಳೇ. ಅವು ಓಡುತ್ತಿರುವವರೆಗೆ ಅಂಗಡಿಯವರು ಸಾಮಾನು ಇಡುತ್ತಿದ್ದರು. 2023ರ ಅಕ್ಟೋಬರ್ ಕೊನೆಗೆ ಇಪ್ಪತ್ತು ವರ್ಷದ ವಯೋಮಿತಿ ಮುಗಿದು ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಅಲ್ಲಿನ ರಸ್ತೆಯಿಂದ ಇಳಿಯಿತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಫೋನು ಮಾಡಿ ಎರಡು ಫ್ಯಾನ್ ಬೆಲ್ಟು ತರಿಸಿಟ್ಟೆ.

ಈಗ ನನ್ನ ಮಗನ ವಿಷಯ. ಅವನಿರುವುದು ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರಿನಲ್ಲಿ. ‘ಅಪ್ಪಾ, ಆ ಗಾಡಿ ಗುಜರಿಗೆ ಹಾಕ್ರಿ, ಸಾಕು’ ಎಂದು ಪ್ರತಿ ಫೋನಿನಲ್ಲೂ ಹೇಳುತ್ತಿದ್ದವನು. ಅವನ ಮನೆಯಲ್ಲಿರುವುದೂ ಇಪ್ಪತ್ತು ವರ್ಷ ದಾಟಿದ ಒಂದು ಸುಬಾರು ಕಾರು! ಭಾನುವಾರ ಅದರ ಕೆಳಗೇ ಮಲಗಿರುತ್ತಾನೆ ಎಂದು ಚಾಡಿ ಹೇಳಿದವಳು ಹನ್ನೊಂದು ವರ್ಷದ ನನ್ನ ಮೊಮ್ಮಗಳು.

2024ರ ಡಿಸೆಂಬರಿನಲ್ಲಿ ಅವರೆಲ್ಲ ಊರಿಗೆ ಬಂದಿದ್ದರು. ಒಂದು ರಾತ್ರಿ ಮಾಳಿಗೆಯ ಮೇಲೆ ಕುಳಿತಿದ್ದಾಗ ಮೊಮ್ಮಗಳು ನೆತ್ತಿಯ ಮೇಲೆ ಕೈತೋರಿಸಿ, ‘ತಾತ, ಅದು ನಮ್ಮ ಕಾರು’ ಅಂದಳು. ನೋಡಿದರೆ ಕೃತ್ತಿಕಾ ನಕ್ಷತ್ರದ ಗೊಂಚಲು. ಜಪಾನೀ ಭಾಷೆಯಲ್ಲಿ ಸುಬಾರು ಅಂದರೆ ಕೃತ್ತಿಕೆಯೇ ಅಂತೆ. ಕಾರಿನ ಮೂತಿಯ ಮೇಲೆ ಆರು ನಕ್ಷತ್ರಗಳ ಗುರುತು ಇರುವುದು ಅದಕ್ಕೇ, ಒಂದು ದೊಡ್ಡದು, ಐದು ಸಣ್ಣವು. ಐದು ಕಂಪನಿಗಳು ಕೂಡಿ ಒಂದಾದುದರ ಗುರುತು. ನಮ್ಮಲ್ಲಿ ಆರು ಕೃತ್ತಿಕೆಯರು ಹಾಲೂಡಿಸಿ ಸಾಕಿದ ಮಗು ಕುಮಾರಸ್ವಾಮಿ, ಅವನ ಗುಡಿ ಇಲ್ಲೇ ಸಂಡೂರಿನ ಬೆಟ್ಟದಲ್ಲಿದೆ ಎಂದು ನಾನು ಹೇಳಿದೆ. ಜಪಾನಿನ ಕಾರೂ ಸಂಡೂರಿನ ಸ್ವಾಮಿಯೂ ಹೀಗೆ ಬೀಗರಾದರು.

ಆ ಕಾರಿನ ಎಂಜಿನ್ನು ಬೇರೆ ಥರ. ನನ್ನ ಪದ್ಮಿನಿಯ ನಾಲ್ಕು ಪಿಸ್ಟನ್‌ಗಳು ಸಾಲಾಗಿ ನಿಂತು ಒನಕೆಗಳಂತೆ ಮೇಲೆ ಕೆಳಗೆ ಆಡುತ್ತವೆ. ಸುಬಾರುವಿನಲ್ಲಿ ಎರಡು ಎಡಕ್ಕೆ, ಎರಡು ಬಲಕ್ಕೆ ಮಲಗಿಕೊಂಡು ಗುದ್ದುತ್ತವೆ. ಎದುರುಬದುರಿನ ಜೋಡಿ ಒಟ್ಟಿಗೆ ಹೊರಗೆ ಹೋಗಿ ಒಟ್ಟಿಗೆ ಒಳಗೆ ಬರುತ್ತದೆ. ಭಾರ ನೆಲಕ್ಕೆ ಹತ್ತಿರವಿರುವುದರಿಂದ ತಿರುವಿನಲ್ಲಿ ಗಾಡಿ ಕಡಿಮೆ ವಾಲುತ್ತದೆ. ಆದರೆ ಪ್ಲಗ್ ಬಿಚ್ಚಬೇಕಾದರೆ ಪಕ್ಕದ ಸಂದಿನಲ್ಲಿ ಕೈತೂರಿಸಿ ಒದ್ದಾಡಬೇಕಂತೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯಾದ್ದರಿಂದ ಟೈರುಗಳೂ ಒಂದೇ ಸಮನೆ ಸವೆದಿರಬೇಕು. ಮೂರು ಹಳೆಯವು, ಒಂದು ಹೊಸದು ಹಾಕಿದರೆ ಒಳಗಿನ ಹಲ್ಲುಚಕ್ರಗಳಿಗೆ ಪೆಟ್ಟು. ನನಗೆ ಆ ಚಿಂತೆ ಇಲ್ಲ, ಪದ್ಮಿನಿಯನ್ನು ದೂಡುವುದು ಹಿಂದಿನ ಎರಡೇ ಚಕ್ರ.

ಮಗ ಅಷ್ಟು ದಿನ ಉಳಿದುಕೊಳ್ಳಲು ಇನ್ನೊಂದು ಕಾರಣವಿತ್ತು. ಖಾಸಗಿ ಕಾರಿನ ರಿಜಿಸ್ಟ್ರೇಷನ್ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನನ್ನದು 2025ರ ಜನವರಿಗೆ ಮುಗಿಯುವುದಿತ್ತು. 2020ರಲ್ಲಿ ಕಟ್ಟಿದ್ದು 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಗಿತ್ತು. ಹಣ ದೊಡ್ಡ ಮಾತಲ್ಲ. ‘ಮತ್ತೈದು ವರ್ಷ ಅಂದ್ರ ನಿಮಗ ಎಪ್ಪತ್ತೆಂಟು ಆಕ್ಕತಿ ಅಪ್ಪಾ’ ಅಂದ ಮಗ. ನಾನು ಉತ್ತರ ಕೊಡಲಿಲ್ಲ. ನನ್ನ ಕಣ್ಣು, ಕೈ ಎಲ್ಲ ಸರಿ ಇವೆ ಎಂದು ತೋರಿಸಲು ಅವತ್ತೇ ಸಂಜೆ ಮೊಮ್ಮಗಳನ್ನೂ ಓಣಿಯ ಮೂರು ಮಕ್ಕಳನ್ನೂ ಕೂರಿಸಿಕೊಂಡು ಹೆದ್ದಾರಿಯ ತನಕ ಒಂದು ಸುತ್ತು ಹಾಕಿ ಬಂದೆ.

ಮರುದಿನ ಬೆಳಿಗ್ಗೆ ನಾನು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದೆ. ಮೊಮ್ಮಗಳು ಶೆಡ್ಡಿನಿಂದ ಬೆರಳು ಚಾಚಿಕೊಂಡು ಬಂದಳು. ‘ತಾತ, ಇದು ನೀರಲ್ಲ.’

ಅವರಪ್ಪ ಅವಳಿಗೆ ಕಲಿಸಿದ್ದಾನೆ, ಗಾಡಿಯ ಕೆಳಗೆ ತೊಟ್ಟು ಬಿದ್ದರೆ ಮೊದಲು ಯಾವುದರದು ಎಂದು ನೋಡಬೇಕು. ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ ಎಣ್ಣೆ. ಪೆಟ್ರೋಲಾದರೆ ವಾಸನೆಯೇ ಹೇಳುತ್ತದೆ. ಇದು ತಿಳಿಹಳದಿ, ಜಾರುತ್ತಿತ್ತು, ಎಡಗಡೆ ಹಿಂದಿನ ಚಕ್ರದ ಒಳಮೈಯಿಂದ ಇಳಿದಿತ್ತು. ಬ್ರೇಕ್ ಎಣ್ಣೆ. ಅವಳ ಬೆರಳನ್ನು ಮೊದಲು ಸೋಪು ಹಚ್ಚಿ ತೊಳೆಸಿದೆ, ಅದು ಮೈಗೂ ಒಳ್ಳೆಯದಲ್ಲ, ಕಾರಿನ ಬಣ್ಣವನ್ನೂ ಕಿತ್ತುಬಿಡುತ್ತದೆ.

ಕೈ ತೊಳೆಸುವಾಗಲೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎರಡು ತಿಂಗಳಿಂದ ಬ್ರೇಕಿನ ಪೆಡಲನ್ನು ಎರಡೆರಡು ಸಲ ಒತ್ತಿದರೆ ಮಾತ್ರ ಹಿಡಿಯುತ್ತಿತ್ತು. ಹಳೆಯ ಗಾಡಿ, ಅದರ ಅಭ್ಯಾಸ ಅಂದುಕೊಂಡಿದ್ದೆ. ನೆಲದ ಮೇಲಿನ ಆ ಕಲೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹಳೆಯ ಕಾಲದ ಬಹಳಷ್ಟು ಕಾರುಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿ ಖಾಲಿಯಾದರೆ ನಾಲ್ಕೂ ಹೋದಂತೆ. ಈಗಿನ ಕಾರುಗಳಲ್ಲಿ ಎರಡು ಬೇರೆಬೇರೆ ದಾರಿ ಇಟ್ಟಿರುತ್ತಾರೆ. ಹಿಂದಿನ ಸಂಜೆ ಹಿಂದಿನ ಸೀಟಿನಲ್ಲಿ ಹಾಡು ಹೇಳುತ್ತಿದ್ದ ನಾಲ್ಕು ಮಕ್ಕಳು ಕಣ್ಣಮುಂದೆ ಬಂದರು. ತಟ್ಟೆ ಹಾಗೇ ಬಿಟ್ಟೆ.

ಮಗನಿಗೆ ಎಲ್ಲ ಹೇಳಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಸುಮ್ಮನೆ ಅಂಗಿ ಬದಲಿಸಿ ಬಂದು, ‘ಜಾಕ್ ಎಲ್ಲೈತಿ?’ ಅಂದ.

ಮೇಸ್ತ್ರಿಯನ್ನೂ ಕರೆಸಿದೆವು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ್ದಾಯಿತು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬಾರದು. ಡ್ರಮ್ಮು ತೆಗೆದಾಗ ಒಳಗೆಲ್ಲ ಒದ್ದೆ. ಪೆಡಲ್ ಒತ್ತಿದಾಗ ಎಣ್ಣೆ ಕೊಳವೆಯಲ್ಲಿ ಬಂದು ಅಲ್ಲಿರುವ ಬೆರಳುದ್ದದ ಸಿಲಿಂಡರಿನೊಳಗೆ ನುಗ್ಗುತ್ತದೆ, ಎರಡು ಪುಟ್ಟ ಪಿಸ್ಟನ್‌ಗಳು ಎರಡೂ ಕಡೆಗೆ ಸರಿದು ಬ್ರೇಕಿನ ಲೈನರುಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಅದನ್ನು ಕೈಯಲ್ಲಿ ಹಿಡಿದ ಮೊಮ್ಮಗಳು, ‘ತಾತ, ನಿಮ್ಮ ಕಾರಿನಲ್ಲೂ ಸುಬಾರು ಇದೆಯಲ್ಲ!’ ಅಂದಳು. ಹೌದಲ್ಲ, ಎದುರುಬದುರು ಮಲಗಿದ ಜೋಡಿ. ಮೂವತ್ತು ವರ್ಷದಲ್ಲಿ ನನಗಾಗಲಿ ಮೇಸ್ತ್ರಿಗಾಗಲಿ ಹೊಳೆಯದ ಮಾತು.

ಸೋರುತ್ತಿದ್ದದ್ದು ಆ ಪಿಸ್ಟನ್ನಿನ ರಬ್ಬರು. ಹಳತಾಗಿ ಗಟ್ಟಿಯಾಗಿತ್ತು. ಜೆ.ಸಿ. ರಸ್ತೆಯಿಂದ ನಾಲ್ಕೂ ಚಕ್ರಕ್ಕೆ ಹೊಸ ರಬ್ಬರು ಬಸ್ಸಿನ ಪಾರ್ಸಲ್ಲಿನಲ್ಲಿ ಬರಲು ಮೂರು ದಿನವಾಯಿತು. ಎಣ್ಣೆ ನೆನೆದ ಲೈನರುಗಳನ್ನೂ ಬದಲಿಸಿದೆವು, ಜಿಡ್ಡು ಹತ್ತಿದ್ದು ಹಿಡಿಯುವುದಿಲ್ಲ.

ಆಮೇಲೆ ಗಾಳಿ ತೆಗೆಯುವ ಕೆಲಸ. ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿ ಬಾಯಿ ಮುಚ್ಚಿ ಒತ್ತಿ ನೋಡಿ, ಅದು ಜಗ್ಗುವುದಿಲ್ಲ. ಗಾಳಿ ತುಂಬಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದರೂ ಹಾಗೇ, ಕಾಲಿನ ಬಲವೆಲ್ಲ ಗಾಳಿಯನ್ನು ಅದುಮಲಿಕ್ಕೇ ಹೋಗುತ್ತದೆ. ಪೆಡಲಿಗೆ ಅತಿ ದೂರದ ಚಕ್ರದಿಂದ ಶುರು, ನಮ್ಮಲ್ಲಿ ಅದು ಎಡ ಹಿಂಬದಿಯದೇ. ಮೊಮ್ಮಗಳು ಸೀಟಿನ ತುದಿಗೆ ಜಾರಿ ಪೆಡಲಿನ ಮೇಲೆ ಕಾಲಿಟ್ಟಳು. ಮಗ ಕೆಳಗೆ ನಿಪ್ಪಲ್ಲಿನ ಹತ್ತಿರ ಸ್ಪ್ಯಾನರ್ ಹಿಡಿದ. ನಾನು ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾಗದಂತೆ ಸುರಿಯುತ್ತಾ ನಿಂತೆ. ‘ಒತ್ತು... ಹಿಡಿ... ಹಿಡಿ... ಈಗ ಬಿಡು.’ ಮೊದಮೊದಲು ಬುಡುಬುಡು ಗುಳ್ಳೆ, ಕೊನೆಗೆ ಬರೀ ಎಣ್ಣೆಯ ಎಳೆ. ನಾಲ್ಕನೆಯ ಚಕ್ರ ಮುಗಿಯುವ ಹೊತ್ತಿಗೆ ಅವಳ ಕಾಲು ನೋಯುತ್ತಿತ್ತು. ‘ತಾತ, ಈಗ ಕಲ್ಲಿನ ಹಾಗಿದೆ’ ಅಂದಳು.

ಜನವರಿಯ ಮೊದಲ ವಾರ ಹೊಸಪೇಟೆಯ ಆರ್‌ಟಿಒ ಕಚೇರಿಗೆ ಗಾಡಿ ಒಯ್ದೆವು, ಓಡಿಸಿದ್ದು ಮಗ. ಇನ್‌ಸ್ಪೆಕ್ಟರು ಚಾಸಿ ನಂಬರು, ದೀಪ, ಹಾರ್ನು ನೋಡಿ, ಬ್ರೇಕಿನ ಹತ್ತಿರ ಬಂದಾಗ ನಾನು ಉಸಿರು ಹಿಡಿದು ನಿಂತಿದ್ದೆ. ಪಾಸಾಯಿತು. ಐವತ್ತು ವರ್ಷ ದಾಟಿದ, ಎಂಜಿನ್ನು ಬಾಡಿಗಳನ್ನು ಬದಲಿಸದ ಗಾಡಿಗೆ 2021ರ ನಿಯಮದಂತೆ ‘ವಿಂಟೇಜ್’ ಎಂದು ಬೇರೆಯೇ ರಿಜಿಸ್ಟ್ರೇಷನ್ ಸಿಗುತ್ತದೆ. ಹಾಗೆ ಮಾಡಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೊಮ್ಮಗಳು ದಾರಿಯಲ್ಲೇ ಲೆಕ್ಕ ಹಾಕಿದಳು: 2035ಕ್ಕೆ ಪದ್ಮಿನಿಗೆ ಐವತ್ತು, ತನಗೆ ಇಪ್ಪತ್ತೊಂದು. ನನ್ನ ವಯಸ್ಸು ಎಷ್ಟಾಗುತ್ತದೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವ ಮುನ್ನ ಮಗನೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಕತ್ತಲಾದ ಮೇಲೆ ಓಡಿಸುವುದಿಲ್ಲ, ಕೂಡ್ಲಿಗಿ ದಾಟಿ ಹೋಗುವುದಿಲ್ಲ, ಮೂರು ತಿಂಗಳಿಗೊಮ್ಮೆ ಮೇಸ್ತ್ರಿ ಡ್ರಮ್ಮು ತೆಗೆದು ನೋಡಬೇಕು. ಲೆಡ್ಜರಿನಲ್ಲಿ ಅದನ್ನು ನಾನೇ ಬರೆದು ಸಹಿ ಹಾಕಿದೆ. ಅದರ ಕೆಳಗೆ ಮೊಮ್ಮಗಳು ತನ್ನ ದುಂಡನೆಯ ಕನ್ನಡ ಅಕ್ಷರದಲ್ಲಿ ಒಂದು ಸಾಲು ಸೇರಿಸಿದಳು: ‘ಪ್ರತಿ ತಿಂಗಳು 1ನೇ ತಾರೀಕು ಪೆಡಲ್ ಅಳೆಯುವುದು.’

ಈಗ ಒಂದನೇ ತಾರೀಕು ಬೆಳಿಗ್ಗೆ ಡೆನ್ವರಿನಿಂದ ಫೋನು ಬರುತ್ತದೆ, ಅಲ್ಲಿ ಆಗ ಹಿಂದಿನ ದಿನದ ಸಂಜೆ. ‘ತಾತ, ಎಷ್ಟಿಳೀತು?’ ನಾನು ಸ್ಕೂಲ್ ಸ್ಕೇಲು ಹಿಡಿದು, ಮೊಣಕಾಲು ನೋವಿನಲ್ಲೇ ಬಾಗಿ, ಪೆಡಲ್ ಹಿಡಿಯುವ ಮುಂಚೆ ಎಷ್ಟು ದೂರ ಹೋಗುತ್ತದೆಂದು ಅಳೆಯುತ್ತೇನೆ. ಕನ್ನಡಕ ಹಾಕಿಕೊಂಡಿದ್ದೀರಾ ಎಂದೂ ಅವಳು ಕೇಳುತ್ತಾಳೆ. ಈ ಸಲವೂ ಹೋದ ತಿಂಗಳಷ್ಟೇ ಇತ್ತು. ತಾರೀಕು ಹಾಕಿ ಬರೆದುಕೊಂಡೆ.