ಫರಸಿಯ ಮೇಲೆ ಎರಡು ಗೆರೆಗಳು

ಗಣಿತದ ಮೇಷ್ಟರಾಗಿದ್ದ ದಿನಗಳಲ್ಲಿ ನಾನು ಒಂದು ತಪ್ಪನ್ನು ವರ್ಷಗಟ್ಟಲೆ ಮಾಡಿದೆ. ಸಮಾಂತರ ರೇಖೆಗಳ ಇಳಿಜಾರು ಒಂದೇ, ಪರಸ್ಪರ ಲಂಬವಾದ ರೇಖೆಗಳ ಇಳಿಜಾರುಗಳ ಗುಣಲಬ್ಧ ಋಣ ಒಂದು ಎಂದು ಕರಿಹಲಗೆಯ ಮೇಲೆ ಬರೆದು, ಬಾಯಿಪಾಠ ಮಾಡಿಸಿ ಮುಂದೆ ಸಾಗುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಎದ್ದು, “ಸರ್, ಮೊದಲನೇದು ತಿಳೀತ್ರಿ. ಎರಡನೇದರಾಗ ಈ ಋಣ ಎಲ್ಲಿಂದ ಬಂತ್ರಿ?” ಎಂದಳು. “ಅದು ನಿಯಮ” ಎಂದೆ. ಅವಳು ಸುಮ್ಮನೆ ಕುಳಿತಳು. ಕುಳಿತ ಆ ರೀತಿ ನನ್ನನ್ನು ಬಹಳ ದಿನ ಕಾಡಿತು.

ಉತ್ತರ ದೊರೆತದ್ದು ದಂಡೋತಿಯಲ್ಲಿ, ಬಂಧುಗಳೊಬ್ಬರ ಮನೆಯ ಅಂಗಳದಲ್ಲಿ. ಶಹಾಬಾದ್ ಸೀಮೆಯ ಚೌಕ ಫರಸಿಕಲ್ಲುಗಳನ್ನು ಗೌಂಡಿ ಹಾಸಿ ಮುಗಿಸಿದ್ದ. ಒಂದು ಮೂಲೆಯಿಂದ ಪೂರ್ವಕ್ಕೆ 3 ಕಲ್ಲು, ಅಲ್ಲಿಂದ ಉತ್ತರಕ್ಕೆ 2 ಕಲ್ಲು ಎಣಿಸಿ, ಹೊರಟ ಮೂಲೆಗೂ ಮುಟ್ಟಿದ ಮೂಲೆಗೂ ಸೀಮೆಸುಣ್ಣದ ಗೆರೆ ಎಳೆದೆ. ಏರಿದ್ದನ್ನು ಸರಿದದ್ದರಿಂದ ಭಾಗಿಸಿದರೆ ಇಳಿಜಾರು, ಇಲ್ಲಿ 2/3. ಆ ಗೆರೆಯ ಮೇಲಿಲ್ಲದ ಬೇರಾವ ಮೂಲೆಯಿಂದ ಹೀಗೆಯೇ ಎಣಿಸಿದರೂ ಸಿಗುವುದು ಸಮಾಂತರ ಗೆರೆಯೇ. ಅದರಲ್ಲಿ ಸೋಜಿಗವಿಲ್ಲ.

ಬಳಿಕ ಗೌಂಡಿಯ ಮೂಲೆಮಟ್ಟವನ್ನು ಹೊರಟ ಮೂಲೆಯಲ್ಲಿ ಗೆರೆಗೆ ಒತ್ತಿಟ್ಟು ಲಂಬವನ್ನೆಳೆದೆ. ಅದು ಮುಟ್ಟಿದ್ದು 2 ಕಲ್ಲು ಪಶ್ಚಿಮಕ್ಕೂ 3 ಕಲ್ಲು ಉತ್ತರಕ್ಕೂ ಇದ್ದ ಮೂಲೆಯನ್ನು. ಇಡೀ ತ್ರಿಕೋನವೇ ಕಾಲು ಸುತ್ತು ತಿರುಗಿ ನಿಂತಿತ್ತು! ಪೂರ್ವದ ಮೂರು ಉತ್ತರದ ಮೂರಾಯಿತು. ಆದ್ದರಿಂದ ಭಿನ್ನರಾಶಿ ತಲೆಕೆಳಗಾಯಿತು. ಉತ್ತರದ ಎರಡು ಪಶ್ಚಿಮದ ಎರಡಾಯಿತು. ಪೂರ್ವ ಧನವಾದರೆ ಪಶ್ಚಿಮ ಋಣವಷ್ಟೆ. ಇಳಿಜಾರು −3/2. ಇದನ್ನು 2/3ರಿಂದ ಗುಣಿಸಿದರೆ −1. ಹುಡುಗಿ ಕೇಳಿದ ಋಣ ಬಂದದ್ದು ಪಶ್ಚಿಮದಿಂದ.

ಆದರೆ ನೆಟ್ಟಗೆ ಉತ್ತರಕ್ಕೆ ಸಾಗುವ ಕಲ್ಲಿನ ಸಂದಿಗೆ ಇಳಿಜಾರೆಷ್ಟು? ಸರಿದದ್ದು ಸೊನ್ನೆ. ಈ ಊರಿನ ಬದಿಗೆ ಹರಿಯುವ ಕಾಗಿಣಾ ನದಿಯ ಮೇಲ್ದಿಕ್ಕಿನಲ್ಲಿಯೇ ಅಮೋಘವರ್ಷ ನೃಪತುಂಗನ ಮಾನ್ಯಖೇಟ, ಇಂದಿನ ಮಳಖೇಡ, ಇದೆ. ಆ ದೊರೆಯ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ತಿಳಿದು ಹೇಳಿದವನು. ಸೊನ್ನೆಯಿಂದ ಭಾಗಿಸಿದರೆ ಮಾತ್ರ ಸಂಖ್ಯೆ ಬದಲಾಗದು ಎಂದುಬಿಟ್ಟ. ಅವನ ಮಾತನ್ನೊಪ್ಪಿದರೆ, ಸಂದಿಯ ಗುಂಟ 2 ಕಲ್ಲು ಏರಿದಾಗ ಇಳಿಜಾರು 2, 3 ಕಲ್ಲು ಏರಿದಾಗ 3. ಒಂದೇ ಗೆರೆಗೆ ಎರಡು ಇಳಿಜಾರು! ಆದುದರಿಂದ ಅಂಥ ಗೆರೆಗೆ ಇಳಿಜಾರೇ ಇಲ್ಲವೆನ್ನುತ್ತೇವೆ. ಅದಕ್ಕೆ ಪೂರ್ವ-ಪಶ್ಚಿಮದ ಸಂದಿ ಲಂಬವೇ ಹೌದು, ಆದರೆ ಗುಣಲಬ್ಧದ ಸೂತ್ರ ಅಲ್ಲಿ ಸಲ್ಲದು. ಇದನ್ನೂ ನಾನು ತರಗತಿಯಲ್ಲಿ ಹೇಳಿರಲಿಲ್ಲ.

ಮರುವರ್ಷ ಮಕ್ಕಳನ್ನು ಹೊರಗಿನ ಫರಸಿಕಟ್ಟೆಗೆ ಕರೆದೊಯ್ದು ಸೀಮೆಸುಣ್ಣ ಕೊಟ್ಟೆ. ಆ ಹುಡುಗಿ ಅಷ್ಟರಲ್ಲಿ ಶಾಲೆ ಮುಗಿಸಿ ಹೋಗಿದ್ದಳು.