ಜೇನುನೊಣಕ್ಕೆ ವಿಷವಾಗುವ ಸಕ್ಕರೆ

ಬಂಡೀಪುರ ಸೀಮೆಯ ಜೇನುಕುರುಬರು ತಲೆಮಾರುಗಳಿಂದ ಬಲ್ಲ ಜೇನುತುಪ್ಪದಲ್ಲಿ ಮುಖ್ಯವಾಗಿ ಇರುವುದು ಎರಡು ಸಕ್ಕರೆ: ಫ್ರಕ್ಟೋಸ್ ಮತ್ತು ಗ್ಲುಕೋಸ್. ಇದೇ ಕುಲದ ಇನ್ನೊಂದು ಸಕ್ಕರೆ ಮ್ಯಾನೋಸ್. ಮೂರರಲ್ಲೂ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳೇ ಇವೆ; ಬೇರೆಯಾಗಿರುವುದು ಅವುಗಳ ಜೋಡಣೆ. ಆದರೂ ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನುನೊಣಕ್ಕೆ ಮ್ಯಾನೋಸ್ ಉಣಿಸಿದರೆ ಅದು ಸಾಯುತ್ತದೆ.

ಏಕೆಂಬುದನ್ನು ಸ್ಪೇನಿನ ಆಲ್ಬೆರ್ಟೊ ಸೋಲ್ಸ್ ಮತ್ತು ಸಂಗಡಿಗರು 1960ರಲ್ಲಿ ವಿವರಿಸಿದರು. ನೊಣದ ಜೀವಕೋಶ ಎಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡಿ ಮ್ಯಾನೋಸ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಹೀಗೆ ಆದ ಮ್ಯಾನೋಸ್-6-ಫಾಸ್ಫೇಟ್, ಫ್ರಕ್ಟೋಸ್-6-ಫಾಸ್ಫೇಟ್ ಆಗಿ ಬದಲಾದರೆ ಮಾತ್ರ ಮುಂದೆ ಉರಿದು ಶಕ್ತಿ ಕೊಡುತ್ತದೆ. ಆ ಬದಲಾವಣೆ ಮಾಡುವ ಕಿಣ್ವ ನೊಣದಲ್ಲಿ ತೀರ ಕಡಿಮೆ. ಅರ್ಧಕ್ಕೆ ನಿಂತ ಸಕ್ಕರೆ ಕೋಶದಲ್ಲಿ ತುಂಬಿಕೊಳ್ಳುತ್ತದೆ, ಎಟಿಪಿ ಬರಿದಾಗುತ್ತದೆ.

ಆ ಕಿಣ್ವದ ಹೆಸರು ಮ್ಯಾನೋಸ್-6-ಫಾಸ್ಫೇಟ್ ಐಸೋಮರೇಸ್. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್.ಎನ್. ಮೂರ್ತಿ, ಎಚ್.ಎಸ್. ಸಾವಿತ್ರಿ ಮತ್ತು ಸಂಗಡಿಗರು ಸಾಲ್ಮೊನೆಲ್ಲ ಬ್ಯಾಕ್ಟೀರಿಯಾದ ಕಿಣ್ವವನ್ನು ಆರಿಸಿಕೊಂಡರು. ಕಿಣ್ವವನ್ನು ಹರಳುಗಟ್ಟಿಸಿ ಅದರ ಮೇಲೆ ಎಕ್ಸ್-ರೇ ಹಾಯಿಸಿದರೆ ಕಿರಣಗಳು ನಿಯಮಿತವಾಗಿ ಚದುರುತ್ತವೆ. ಆ ಚದುರುವಿಕೆಯನ್ನು ಲೆಕ್ಕ ಹಾಕಿ ಪರಮಾಣುಗಳು ಎಲ್ಲೆಲ್ಲಿವೆ ಎಂದು ಗುರುತಿಸಬಹುದು. 2009ರಲ್ಲಿ ಅವರು ಇಂಥ ನಾಲ್ಕು ರಚನೆಗಳನ್ನು ಪ್ರಕಟಿಸಿದರು: ಲೋಹವಿಲ್ಲದ್ದು, ಸತು ಸೇರಿದ್ದು, ಕೆಲಸವನ್ನು ತಡೆಯುವ ಜಾಗದಲ್ಲಿ ಯಿಟ್ರಿಯಂ ಎಂಬ ಲೋಹ ಕೂತದ್ದು, ಸತುವಿನ ಜೊತೆಗೆ ಫ್ರಕ್ಟೋಸ್-6-ಫಾಸ್ಫೇಟನ್ನೂ ಹಿಡಿದದ್ದು.

ಇವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕೆಲಸದ ಕ್ರಮ ಬಿಚ್ಚಿಕೊಂಡಿತು. ಸತು ಸೇರಿದೊಡನೆ ಕಿಣ್ವದ ಒಂದು ಸಡಿಲ ಎಳೆ ನೆಲೆಗೊಳ್ಳುತ್ತದೆ. ಸಕ್ಕರೆ ಒಳಬಂದಾಗ 130ರಿಂದ 133ನೆಯ ಅಮೈನೋ ಆಮ್ಲಗಳವರೆಗಿನ ಇನ್ನೊಂದು ಎಳೆ ಹೊರಳುತ್ತದೆ. ಸಕ್ಕರೆ ಸಾಮಾನ್ಯವಾಗಿ ಉಂಗುರದಂತೆ ಮಡಚಿಕೊಂಡಿರುತ್ತದೆ. ಅದನ್ನು ಬಿಡಿಸುವವು ಬಹುಶಃ 99ನೆಯ ಸ್ಥಾನದ ಹಿಸ್ಟಿಡಿನ್ ಮತ್ತು 270ನೆಯ ಸ್ಥಾನದ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲಗಳು. ಆಮೇಲೆ ನಡೆಯುವುದು ಹೆಗಲು ಬದಲಿಸಿದಷ್ಟೇ ಚಿಕ್ಕ ಕೆಲಸ: ಎರಡನೆಯ ಇಂಗಾಲದಲ್ಲಿದ್ದ ಒಂದು ಪ್ರೋಟಾನು ಮೊದಲನೆಯದಕ್ಕೆ ದಾಟುತ್ತದೆ. ಮ್ಯಾನೋಸ್ ಹೋಗಿ ಫ್ರಕ್ಟೋಸ್ ಆಗಲು ಇಷ್ಟು ಸಾಕು. ಬೇಕೆಂದಾಗ ಕಿಣ್ವ ಇದನ್ನೇ ತಿರುಗುಮುರುಗಾಗಿಯೂ ಮಾಡುತ್ತದೆ. ಇಂಥ ಹರಳುಗಳಲ್ಲಿ ಎಕ್ಸ್-ರೇಗೆ ಪ್ರೋಟಾನು ಕಾಣುವುದು ಅಪರೂಪ. ಆದ್ದರಿಂದ ಸಕ್ಕರೆಯ ಹತ್ತಿರ ಯಾವ ಅಮೈನೋ ಆಮ್ಲ ಎಷ್ಟು ಅಂತರದಲ್ಲಿ ನಿಂತಿದೆ ಎಂಬುದರಿಂದಲೇ ಪ್ರೋಟಾನು ಸಾಗಿದ ದಾರಿಯನ್ನು ಊಹಿಸಬೇಕಾಯಿತು.

ತಿರುಗು ದಾರಿಯೂ ಮುಖ್ಯ. ಸಾಲ್ಮೊನೆಲ್ಲ ತನ್ನ ಹೊರಕವಚದ ಸಕ್ಕರೆ ಸರಪಳಿಗೆ ಬೇಕಾದ ಮ್ಯಾನೋಸನ್ನು ಈ ಮೂಲಕವೇ ಪಡೆಯುತ್ತದೆ. ನಮ್ಮ ದೇಹವೂ ಪ್ರೋಟೀನುಗಳಿಗೆ ಸಕ್ಕರೆ ಪೋಣಿಸಲು ಮ್ಯಾನೋಸ್ ಬಳಸುತ್ತದೆ. ಹುಟ್ಟಿನಿಂದಲೇ ಈ ಕಿಣ್ವ ಕೊರತೆಯಾದ ಮಕ್ಕಳಲ್ಲಿ ಯಕೃತ್ತು ಕೆಡುತ್ತದೆ, ಭೇದಿ ಕಾಡುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. 1998ರಲ್ಲಿ ವೈದ್ಯರು ಇಂಥ ಮಗುವಿಗೆ ಬಾಯಿಯ ಮೂಲಕ ಮ್ಯಾನೋಸ್ ಕೊಟ್ಟು ಗುಣ ಕಂಡರು. ನೊಣವನ್ನು ಕೊಲ್ಲುವ ಸಕ್ಕರೆ ಇಲ್ಲಿ ಔಷಧ.

ಸಾಲ್ಮೊನೆಲ್ಲದ ಹೊರಕವಚಕ್ಕೆ ಈ ಕಿಣ್ವ ಬೇಕು ಎಂದಾದರೆ, ಬ್ಯಾಕ್ಟೀರಿಯಾದ ಕಿಣ್ವವನ್ನು ಕಟ್ಟಿಹಾಕುವ ಮದ್ದು ಮಾಡಬಹುದೇ? ಸಾಲ್ಮೊನೆಲ್ಲದ ಕಿಣ್ವ ನಮ್ಮದರ ಬಳಗಕ್ಕೇ ಸೇರಿದ್ದು. ಅದಕ್ಕೆ ಬಿದ್ದ ಪೆಟ್ಟು ನಮಗೂ ತಾಗಬಹುದು. ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳಲ್ಲಿ ಇದೇ ಕೆಲಸವನ್ನು ಬೇರೆಯೇ ಬಗೆಯ, ಎರಡು ಕೆಲಸ ಬಲ್ಲ ಕಿಣ್ವ ಮಾಡುತ್ತದೆ. ಮದ್ದಿನ ಗುರಿಯಾಗಿ ಅದು ಹೆಚ್ಚು ಸುರಕ್ಷಿತ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಲು ಪರಮಾಣುಗಳ ನೆಲೆಯನ್ನೇ ನೋಡಬೇಕು. ಬೆಂಗಳೂರಿನ ಹರಳುಗಳಂಥವು ಮುಖ್ಯವಾಗುವುದು ಈ ಕಾರಣಕ್ಕೆ.