ಬೀಳುವುದನ್ನು ಕಲಿಸುವ ಶಾಲೆ

ಟೋಕಿಯೋ ನಗರದಲ್ಲಿ ಜನವರಿ ತಿಂಗಳ ಮುಂಜಾವು. ಸೂರ್ಯೋದಯಕ್ಕೆ ಇನ್ನೂ ಒಂದು ಗಂಟೆಗೂ ಮಿಕ್ಕಿ ಹೊತ್ತಿದೆ. ಹೊರಗೆ ಕೈಬೆರಳು ಸೆಟೆದುಕೊಳ್ಳುವಂಥ ಚಳಿ. ಊರೆಲ್ಲ ಹೊದ್ದು ಮಲಗಿರುವ ಈ ಹೊತ್ತಿನಲ್ಲಿ, ಬುಂಕ್ಯೋ ವಿಭಾಗದ ದೊಡ್ಡದೊಂದು ಕಟ್ಟಡದ ಏಳನೆಯ ಅಂತಸ್ತಿನಲ್ಲಿ, ಬಿಳಿಯ ದಪ್ಪ ಅಂಗಿ ತೊಟ್ಟ ಜನ ಸಾಲಾಗಿ ಮಂಡಿಯೂರಿ ಕುಳಿತು ನೆಲಕ್ಕೆ ಕೈಯಿಟ್ಟು ವಂದಿಸುತ್ತಾರೆ. ಅವರಲ್ಲಿ ಶಾಲೆಯ ಹುಡುಗರಿದ್ದಾರೆ. ಇನ್ನೆರಡು ಗಂಟೆಗಳಲ್ಲಿ ಕಚೇರಿಗೆ ಓಡಬೇಕಾದ ಗುಮಾಸ್ತರಿದ್ದಾರೆ. ತಲೆ ನರೆತ ಹಿರಿಯರೂ ಉಂಟು. ಮರುಕ್ಷಣವೇ ಒಬ್ಬರನ್ನೊಬ್ಬರು ಹಿಡಿದೆತ್ತಿ ನೆಲಕ್ಕೆ ಒಗೆಯತೊಡಗುತ್ತಾರೆ!

ಇದು ಕೊಡೋಕಾನ್, ಜೂಡೋ ವಿದ್ಯೆಯ ತವರುಮನೆ. ಚಳಿಗಾಲದ ಈ ಕಠಿಣಾಭ್ಯಾಸಕ್ಕೆ ಅಲ್ಲಿ ‘ಕಾನ್-ಗೇಕೋ’ ಎಂದು ಹೆಸರು. ಹಿಂದೆ ಅದು ಮೂವತ್ತು ದಿನ ನಡೆಯುತ್ತಿತ್ತಂತೆ. ಈಚೆಗೆ ಹತ್ತು ದಿನಗಳಿಗೆ ಇಳಿದಿದೆ. ಒಂದು ದಿನವೂ ತಪ್ಪದೆ ಬಂದವರಿಗೆ ಪ್ರಶಸ್ತಿಪತ್ರ ದೊರೆಯುತ್ತದೆ. ಗೆದ್ದವರಿಗಲ್ಲ, ಬಂದವರಿಗೆ! ಪ್ರತಿದಿನ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋಗುವ ನನ್ನಂಥವನಿಗೆ ಈ ಏರ್ಪಾಡು ಬಹಳ ಹಿಡಿಸಿತೆಂದರೆ ವಾಚಕರು ನಗಬಾರದು.

ಈ ಸಂಸ್ಥೆಯನ್ನು ಕಟ್ಟಿದ ಕಾನೋ ಜಿಗೋರೋ ಕೂಡ ಮೇಷ್ಟರೇ. ಬಾಲ್ಯದಲ್ಲಿ ಕೃಶಶರೀರಿ, ಬಲಿಷ್ಠರಾದ ಸಹಪಾಠಿಗಳ ಕಾಟ ತಾಳಲಾರದೆ ಹಳೆಯ ಜುಜುತ್ಸು ವಿದ್ಯೆಯ ಗುರುಗಳನ್ನು ಹುಡುಕಿಕೊಂಡು ಹೋದವರು. 1882ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಎಯ್‌ಷೋಜಿ ಎಂಬ ಬೌದ್ಧಾಲಯದ ಒಂದು ಕೋಣೆಯಲ್ಲಿ ಹನ್ನೆರಡು ಚಾಪೆ ಹಾಸಿ, ಒಂಬತ್ತು ಮಂದಿ ಶಿಷ್ಯರೊಡನೆ ತಮ್ಮ ಶಾಲೆಯನ್ನು ಆರಂಭಿಸಿದರು. ಹುಡುಗರು ಬಿದ್ದ ರಭಸಕ್ಕೆ ನೆಲದ ತೊಲೆಗಳು ಸಡಿಲಗೊಳ್ಳುತ್ತಿದ್ದುವೆಂದೂ, ರಾತ್ರಿ ಗುರುಗಳೇ ದೀಪ ಹಿಡಿದು ನೆಲದಡಿಗೆ ನುಸುಳಿ ಅವನ್ನು ಸರಿಪಡಿಸುತ್ತಿದ್ದರೆಂದೂ ಹೇಳುತ್ತಾರೆ. ಇಂದಿನ ಮುಖ್ಯ ಸಭಾಂಗಣದಲ್ಲಿರುವ ಚಾಪೆಗಳು 420.

ಜನವರಿಯಲ್ಲಿಯೇ ‘ಕಗಾಮಿ-ಬಿರಾಕಿ’ ಎಂಬ ಹಬ್ಬ. ಹಾಗೆಂದರೆ ಕನ್ನಡಿ ತೆರೆಯುವುದು. ಹೊಸ ವರ್ಷಕ್ಕೆಂದು ದೇವರ ಮುಂದಿಟ್ಟ, ಹಳೆಯ ಕಾಲದ ಕನ್ನಡಿಯಂತೆ ಗುಂಡಗಿರುವ ಅಕ್ಕಿಯ ಕಡುಬು ಅಷ್ಟು ಹೊತ್ತಿಗೆ ಒಣಗಿ ಗಟ್ಟಿಯಾಗಿರುತ್ತದೆ. ಅದನ್ನು ಕತ್ತಿಯಿಂದ ಕೊಯ್ಯುವಂತಿಲ್ಲ. ‘ಕತ್ತರಿಸು’ ಎಂಬ ಮಾತನ್ನೂ ಆಡುವಂತಿಲ್ಲ. ಒಡೆದು, ‘ತೆರೆದೆವು’ ಎನ್ನುತ್ತಾರೆ. ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ನಮಗೆ ಈ ಸೂಕ್ಷ್ಮವನ್ನು ಯಾರೂ ವಿವರಿಸಬೇಕಾಗಿಲ್ಲ. ಅಂದು ಹಿರಿಯ ಗುರುಗಳು ಪಟ್ಟುಗಳನ್ನು ವಿಧಿವತ್ತಾಗಿ ಪ್ರದರ್ಶಿಸುತ್ತಾರೆ; ಬಳಿಕ ಸಿಹಿಯಾದ ಕೆಂಪು ಕಾಳಿನ ಪಾಯಸದಲ್ಲಿ ಅಕ್ಕಿಯ ಕಡುಬಿನ ತುಂಡು ಹಾಕಿ ಎಲ್ಲರಿಗೂ ಹಂಚುತ್ತಾರೆ.

ಹೊಸದಾಗಿ ಸೇರಿದವನಿಗೆ ಮೊದಲು ಕಲಿಸುವ ಪಾಠ ಎಸೆಯುವುದಲ್ಲ, ಬೀಳುವುದು. ಇದಕ್ಕೆ ‘ಉಕೆಮಿ’ ಎನ್ನುತ್ತಾರೆ. ಗದ್ದವನ್ನು ಎದೆಗೊತ್ತಿ, ತಲೆ ನೆಲಕ್ಕೆ ತಾಗದಂತೆ ಬೆನ್ನನ್ನು ಬಿಲ್ಲಾಗಿಸಿ, ಬೆನ್ನು ಚಾಪೆ ಮುಟ್ಟುವ ಕ್ಷಣದಲ್ಲಿಯೇ ತೋಳನ್ನು ಚಾಚಿ ಫಟ್ಟನೆ ನೆಲಕ್ಕೆ ಬಡಿಯಬೇಕು. ಬಿದ್ದ ಪೆಟ್ಟು ಒಂದೇ ಕಡೆ ನಾಟದೆ ಮೈಯೆಲ್ಲ ಹಂಚಿಹೋಗುತ್ತದೆ. ಕುಳಿತು ಬೀಳು, ನಿಂತು ಬೀಳು, ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು. ಇದೇ ಪಾಠ, ದಿನದಿನವೂ. ಬೇಸರ ಬಂದು ಬಿಟ್ಟುಹೋಗುವವರೂ ಇಲ್ಲದಿಲ್ಲ.

ವಸಂತ ಋತು ಬಂತೆಂದರೆ ಕೆಂಪು-ಬಿಳಿ ಪಂದ್ಯ. ವರ್ಷಕ್ಕೆ ಎರಡು ಬಾರಿ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಸದಸ್ಯರನ್ನು ಎರಡು ದಳಗಳಾಗಿ ವಿಂಗಡಿಸಿ ಕೆಳಗಿನ ದರ್ಜೆಯಿಂದ ಮೇಲಿನ ದರ್ಜೆಯವರೆಗೆ ಸಾಲಾಗಿ ನಿಲ್ಲಿಸುತ್ತಾರೆ. ಗೆದ್ದವನು ಕಣದಲ್ಲಿಯೇ ಉಳಿದು ಮುಂದಿನವನನ್ನು ಎದುರಿಸಬೇಕು. ಉಸಿರು ತಿರುಗಿಸಿಕೊಳ್ಳಲು ಬಿಡುವಿಲ್ಲ. ಒಬ್ಬರ ಮೇಲೊಬ್ಬರನ್ನು ಕೆಡವುತ್ತ ಹೋದವನಿಗೆ ಅಲ್ಲಿಯೇ ಬಡ್ತಿ ಸಿಗುವುದುಂಟು. ಆದರೆ ಎಂಥ ಶೂರನಿಗೂ ಕೈಸೋಲುತ್ತದೆ. ಕೊನೆಗೆ ಯಾರದೋ ಕೈಯಲ್ಲಿ ಬಿದ್ದು, ಅಂಗಿ ಸರಿಪಡಿಸಿಕೊಂಡು, ಕೆಡವಿದವನಿಗೆ ತಲೆಬಾಗಿಸಿಯೇ ಹಿಂದಿರುಗಬೇಕು.

ಜುಲೈ ತಿಂಗಳಲ್ಲಿ ಇದರ ತದ್ವಿರುದ್ಧ. ಬೆವರು ಆರದ ಟೋಕಿಯೋ ಬೇಸಗೆಯಲ್ಲಿ ಮತ್ತೆ ಕಠಿಣಾಭ್ಯಾಸ; ಇದು ‘ಷೋಚೂ-ಗೇಕೋ’. ಚಳಿಯನ್ನು ಸಹಿಸಿದವನು ಸೆಕೆಯನ್ನೂ ಸಹಿಸಲಿ ಎಂಬುದು ಹಿರಿಯರ ಎಣಿಕೆ.

ಸ್ತ್ರೀಯರಿಗೂ ಇಲ್ಲಿ ಪ್ರವೇಶವುಂಟು. ಅವರ ವಿಭಾಗ ಆರಂಭವಾದದ್ದು 1926ರಲ್ಲಿ. ಮೂರೇ ವರ್ಷಗಳಲ್ಲಿ, 1929ರಲ್ಲಿ, ರವೀಂದ್ರನಾಥ ಠಾಕೂರರ ಕರೆಯಂತೆ ಇಲ್ಲಿಯ ತಕಾಗಾಕಿ ಷಿಂಜೋ ಎಂಬ ಗುರುಗಳು ಶಾಂತಿನಿಕೇತನಕ್ಕೆ ಬಂದು ನಮ್ಮ ಮಕ್ಕಳಿಗೂ ಈ ವಿದ್ಯೆ ಕಲಿಸಿದರು. ಆದರೆ ಬಡ್ತಿಯ ಮಾತಿನಲ್ಲಿ ಮಾತ್ರ ಹಿರಿಯರು ಬಹುಕಾಲ ಬಿಗಿಮುಷ್ಟಿಯವರು. 1935ರಲ್ಲಿ ಸೇರಿದ ಫುಕುಡಾ ಕೆಯ್ಕೋ ಎಂಬಾಕೆಗೆ ಕೊಡೋಕಾನ್ ಒಂಬತ್ತನೆಯ ದರ್ಜೆ ಕೊಟ್ಟಿದ್ದು 2006ರಲ್ಲಿ, ಆಕೆಗೆ ತೊಂಬತ್ತು ದಾಟಿದ ಮೇಲೆ!

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಜಪಾನಿನ ಶಾಲೆಗಳ ಜೂಡೋ ಅಭ್ಯಾಸದಲ್ಲಿ 1983ರಿಂದ ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ನೂರಕ್ಕೂ ಮಿಕ್ಕಿ ಮಕ್ಕಳು ಪ್ರಾಣ ಕಳೆದುಕೊಂಡರು. ಬಹಳಷ್ಟು ಮಂದಿಗೆ ತಲೆಗೆ ಬಿದ್ದ ಪೆಟ್ಟೇ ಮೃತ್ಯುವಾಯಿತು. ಕೆಲವರನ್ನು ಬಿಸಿಲ ಧಗೆ ಬಲಿತೆಗೆದುಕೊಂಡಿತು. ಅವರಲ್ಲಿ ಬೀಳುವ ಪಾಠ ಇನ್ನೂ ಕೈವಶವಾಗದ ಎಳೆಯರೇ ಅನೇಕರು. ನೊಂದ ತಂದೆತಾಯಿಗಳು 2010ರಲ್ಲಿ ಸಂಘ ಕಟ್ಟಿ ಪ್ರಶ್ನೆಯೆತ್ತಿದರು. 2012ರಿಂದ ಮಾಧ್ಯಮಿಕ ಶಾಲೆಗಳಲ್ಲಿ ಯುದ್ಧಕಲೆಯ ಪಾಠ ಕಡ್ಡಾಯವಾಗುವುದರಲ್ಲಿತ್ತು. ಆಗ ದೇಶವೆಲ್ಲ ಕಿವಿಗೊಟ್ಟಿತು. ಶಿಕ್ಷಕರಿಗೆ ಹೊಸ ನಿಯಮಗಳು ಬಂದುವು. 2022ರಲ್ಲಿ ಜಪಾನಿನ ಜೂಡೋ ಒಕ್ಕೂಟ ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಪಂದ್ಯವನ್ನೇ ರದ್ದು ಮಾಡಿತು. ಗೆಲ್ಲಲೇಬೇಕೆಂದು ಎಳೆಯ ಮಕ್ಕಳ ತೂಕವನ್ನು ಬಲವಂತವಾಗಿ ಇಳಿಸುವ ಶಿಕ್ಷಕರೂ, ಕಣದ ಪಕ್ಕದಲ್ಲಿ ನಿಂತು ತೀರ್ಪುಗಾರರ ಮೇಲೆ ಕೂಗಾಡುವ ತಂದೆತಾಯಿಗಳೂ ಹೆಚ್ಚಿದ್ದರೆಂಬುದೇ ಅದಕ್ಕೆ ಕಾರಣ. ನನ್ನ ಮಟ್ಟಿಗೆ, ಕಾನೋ ಬದುಕಿದ್ದರೆ ಈ ತೀರ್ಮಾನಕ್ಕೆ ಮೊದಲು ಕೈಯೆತ್ತುತ್ತಿದ್ದವರು ಅವರೇ.

ಶರತ್ಕಾಲದಲ್ಲಿ, ಕೆಂಪು-ಬಿಳಿ ಪಂದ್ಯದ ವೇಳೆಗೆ, ಹಳಬರಿಗೆ 1964ರ ಅಕ್ಟೋಬರ್ ನೆನಪಾಗದಿರದು. ಅದೇ ನಗರದ ಒಲಿಂಪಿಕ್ ಕೂಟದಲ್ಲಿ, ಜೂಡೋಗೆ ಮೊದಲ ಬಾರಿ ಸ್ಥಾನ ಸಿಕ್ಕಿದಾಗ, ಜಪಾನಿನ ಕಾಮಿನಾಗಾನನ್ನು ಹಾಲೆಂಡಿನ ದೈತ್ಯ ಆಂಟನ್ ಗೇಸಿಂಕ್ ನೆಲಕ್ಕೊತ್ತಿ ಹಿಡಿದು ಸೋಲಿಸಿದ. ಪ್ರೇಕ್ಷಕರು ದಿಗ್ಭ್ರಾಂತರಾದರು. ಆತನ ನಾಡಿಗರು ಕುಣಿಯುತ್ತ ಕಣಕ್ಕೆ ನುಗ್ಗಬಂದಾಗ ಗೇಸಿಂಕ್ ಕೈಯೆತ್ತಿ ಅವರನ್ನು ತಡೆದ. ಬಳಿಕ ಎದುರಾಳಿಗೆ ಬಾಗಿ ವಂದಿಸಿದ. ಕಾಮಿನಾಗಾನ ಸೋಲಿಗೆ ಮರುಗಿದ ಜಪಾನೀಯರು ಆ ಎತ್ತಿದ ಕೈಯನ್ನು ಇಂದಿಗೂ ಕೊಂಡಾಡುತ್ತಾರೆ.

ಡಿಸೆಂಬರ್ ಕಳೆಯುವ ವೇಳೆಗೆ ಸಭಾಂಗಣ ಕೆಲವು ದಿನ ನಿಶ್ಶಬ್ದವಾಗುತ್ತದೆ. ಕಟ್ಟಡದ ಮುಂದೆ ಕಾನೋ ಅವರ ಕಂಚಿನ ಪ್ರತಿಮೆ ಮಾತ್ರ ಚಳಿಯಲ್ಲಿ ನಿಂತಿರುತ್ತದೆ. ಹೊಸ ವರ್ಷದ ಸಡಗರ ಮುಗಿಯುತ್ತಿದ್ದಂತೆಯೇ, ಕತ್ತಲಿರುವಾಗಲೇ, ಬಿಳಿಯ ಅಂಗಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡ ಹುಡುಗನೊಬ್ಬ ಆ ಪ್ರತಿಮೆಯನ್ನು ದಾಟಿ, ಬೀಳುವುದಕ್ಕೆಂದು ಒಳಗೆ ಹೋಗುತ್ತಾನೆ.